ಓದು ಊರಿಗೆಲ್ಲ ಕೇಳಿಸಲಿ

ಮನೆಯ ಕರ ಕಟ್ಟಿ ರಸೀದಿ ಇಸಿದುಕೊಂಡಾಗ ನಮ್ಮ ಕಣ್ಣು ಹೋಗುವುದು ಕೊನೆಯ ಸಾಲಿನ ಮೊತ್ತದ ಕಡೆಗೆ. ಅದರ ಮೇಲೆ ಸಣ್ಣ ಅಕ್ಷರದಲ್ಲಿ ನಾಲ್ಕಾರು ಬಾಬತ್ತುಗಳಿರುತ್ತವೆ. ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರ, ಅವುಗಳ ಜೊತೆಗೆ ಗ್ರಂಥಾಲಯ ಕರ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದದ್ದು 1965ರಲ್ಲಿ. ಕಟ್ಟಡ ಮತ್ತು ಜಾಗದ ತೆರಿಗೆಯ ಮೇಲೆ ಗ್ರಂಥಾಲಯಕ್ಕೆಂದು ಒಂದು ಪಾಲು ಎತ್ತಬೇಕೆಂದು ಆ ಕಾಯ್ದೆಯೇ ಗೊತ್ತು ಮಾಡಿತು. ಇವತ್ತು ಆ ಪಾಲು ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. ನಮ್ಮ ಬಾಗಲಕೋಟೆ ಜಿಲ್ಲೆಯ ಶಿರೂರಿನ ಓಣಿಯಲ್ಲಿ ಎರಡು ಖೋಲಿಯ ಮನೆ ಇರುವ ರೈತನೂ ಅದನ್ನು ಕಟ್ಟುತ್ತಾನೆ, ಇಳಕಲ್ಲಿನಲ್ಲಿ ಮಗ್ಗದ ಮನೆ ಇಟ್ಟುಕೊಂಡ ನೇಕಾರನೂ ಕಟ್ಟುತ್ತಾನೆ. ಜೀವಮಾನದಲ್ಲಿ ಒಂದು ಪುಸ್ತಕ ತೆರೆಯದವರೂ ಕಟ್ಟುತ್ತಾರೆ.

ಆದ್ದರಿಂದ ಊರ ಗ್ರಂಥಾಲಯದಲ್ಲಿ ಮಕ್ಕಳಿಗೆ ಕಥೆ ಹೇಳುವ ಕಾರ್ಯಕ್ರಮವಿದೆ, ಪ್ರವೇಶ ಉಚಿತ ಎಂದು ಡಂಗುರ ಸಾರಿದರೆ, ಅದು ಯಾರೋ ದೊಡ್ಡವರು ಬಡವರಿಗೆ ಮಾಡುವ ಉಪಕಾರವಲ್ಲ. ಅದಕ್ಕೆ ಬೇಕಾದ ದುಡ್ಡನ್ನು ಇಡೀ ಊರು ಕೂಡಿ ಮುಂಚೆಯೇ ಕಟ್ಟಿದೆ. ಪುಕ್ಕಟೆ ಸಿಗುವುದಕ್ಕೆ ಬೆಲೆ ಇಲ್ಲ ಎಂಬ ಮಾತು ನಮ್ಮಲ್ಲಿ ಬಹಳ ದಿನದಿಂದ ನಡೆದುಬಂದಿದೆ. ಗ್ರಂಥಾಲಯದ ಮಟ್ಟಿಗೆ ಆ ಮಾತನ್ನು ಬದಿಗಿಡೋಣ. ಅಲ್ಲಿ ಉಚಿತ ಎಂದರೆ, ನೀನು ಯಾರ ಮಗ, ನಿನ್ನ ಕಿಸೆಯಲ್ಲಿ ಎಷ್ಟಿದೆ, ನಿನಗೆ ಓದಲು ಬರುತ್ತದೆಯೇ ಎಂದು ಬಾಗಿಲಲ್ಲಿ ನಿಲ್ಲಿಸಿ ಯಾರೂ ಕೇಳುವುದಿಲ್ಲ ಎಂದರ್ಥ. ಯುನೆಸ್ಕೊ 1949ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಪ್ರಣಾಳಿಕೆಯನ್ನು ಮೊದಲ ಬಾರಿ ಹೊರತಂದಿತು, 2022ರಲ್ಲಿ ಅದು ಮತ್ತೆ ಪರಿಷ್ಕೃತವಾಯಿತು. ಇಷ್ಟು ವರ್ಷ ಕಳೆದರೂ ಉಚಿತ ಸೇವೆಯ ತತ್ವವನ್ನು ಅದು ಕೈಬಿಟ್ಟಿಲ್ಲ.

ಇವತ್ತಿನ ಚಿಂತನೆ ಆ ತೆರೆದ ಬಾಗಿಲಿನ ಒಳಗೆ ಏನು ನಡೆಯಬೇಕು ಎಂಬುದರ ಬಗ್ಗೆ.

ನಮ್ಮ ಹಳ್ಳಿಗಳ ಗ್ರಂಥಾಲಯ ಎಂದರೆ ಬಹುಕಾಲ ಒಂದೇ ಚಿತ್ರ ಕಣ್ಣೆದುರು ಬರುತ್ತಿತ್ತು. ಪಂಚಾಯಿತಿ ಕಟ್ಟಡದ ಮಗ್ಗುಲಲ್ಲಿ ಒಂದು ಕೋಣೆ, ಕೀಲಿ ಹಾಕಿದ ಎರಡು ಕಪಾಟು, ಉದ್ದನೆಯ ಮೇಜಿನ ಮೇಲೆ ಎರಡು ಮೂರು ದಿನಪತ್ರಿಕೆ, ಅವನ್ನು ಓದುವ ನಾಲ್ಕು ಜನ ಗಂಡಸರು. ಮಕ್ಕಳು ಒಳಗೆ ಬಂದರೆ ಗದ್ದಲವೆಂದು ಹೊರಗೆ ಅಟ್ಟುವುದು, ಹೆಣ್ಣುಮಕ್ಕಳು ಆ ಕಡೆ ಹಾಯದಿರುವುದು. ಈ ಚಿತ್ರ ಬದಲಾಗತೊಡಗಿದ್ದು ಈಚಿನ ವರ್ಷಗಳಲ್ಲಿ. 2019ರಲ್ಲಿ ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮೀಣ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷವೇ ಕೊರೊನಾ. ಶಾಲೆಯ ಬಾಗಿಲು ಮುಚ್ಚಿತು, ಮೊಬೈಲ್ ಇದ್ದ ಮನೆಯ ಮಕ್ಕಳು ಅದರಲ್ಲೇ ಪಾಠ ಕೇಳಿದರು, ಇಲ್ಲದವರು ಕುರಿಯ ಹಿಂದೆ ಹೊಲಕ್ಕೆ ಹೋದರು. ಆ ಹೊತ್ತಿನಲ್ಲಿ, 2020ರ ನವೆಂಬರ್ 14ರ ಮಕ್ಕಳ ದಿನಾಚರಣೆಯಂದು, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುವಾಯಿತು. ಆರರಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗೆಲ್ಲ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವ ಕೊಟ್ಟರು. ಲಕ್ಷಾಂತರ ಮಕ್ಕಳು ಹೆಸರು ಬರೆಸಿದರು. ಜನ ತಮ್ಮ ಮನೆಯ ಪುಸ್ತಕಗಳನ್ನು ತಂದುಕೊಟ್ಟರು. ಗೋಡೆಗೆ ಬಣ್ಣ ಬಂತು, ಮಕ್ಕಳ ಎತ್ತರಕ್ಕೆ ಕಪಾಟು ಬಂತು, ನೆಲಕ್ಕೆ ಜಮಖಾನೆ ಬಂತು. ಆಮೇಲೆ ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರೂ ಬಂತು.

ಹೊಸ ಬಣ್ಣಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅಲ್ಲಿ ಈಗ ಎದ್ದಿರುವ ಸದ್ದು. ಗಟ್ಟಿಯಾಗಿ ಓದುವುದು, ಕಥೆ ಹೇಳುವುದು, ಚೆಸ್ ಆಟ, ರಸಪ್ರಶ್ನೆ, ಬೇಸಿಗೆ ಶಿಬಿರ, ಸಂವಿಧಾನ ಪೀಠಿಕೆಯ ಓದು, ಕಂಪ್ಯೂಟರ್ ಕಲಿಕೆ. ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು ಪುಸ್ತಕವನ್ನು ಎದೆಗೆ ಆನಿಸಿ ಹಿಡಿದು, ಚಿತ್ರ ಎಲ್ಲರಿಗೂ ಕಾಣುವಂತೆ ಆಗಾಗ ಆಚೆ ತಿರುಗಿಸಿ ತೋರಿಸುತ್ತ ಓದುತ್ತಾಳೆ. ಒತ್ತಕ್ಷರ ಬಂದಲ್ಲಿ ನಾಲಿಗೆ ತಡೆಯುತ್ತದೆ. ಮುಂದೆ ಕೂತ ಸಣ್ಣವನೊಬ್ಬ ಕಥೆ ಮುಂದೆ ಹೋಗಲೆಂಬ ಆತುರಕ್ಕೆ ತಾನೇ ಆ ಶಬ್ದವನ್ನು ಕೂಗಿ ಹೇಳುತ್ತಾನೆ. ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ, ಓದು ಮುಂದುವರಿಯುತ್ತದೆ. ಅಕ್ಷರ ಕಲಿಯುವಾಗ ತಪ್ಪು ಓದಿದರೆ ಪೆಟ್ಟು ಬೀಳದ, ಅಂಕ ಹೋಗದ ಜಾಗವೊಂದು ಊರಲ್ಲಿ ಇದೆ ಎಂಬುದು ಆ ಮಗುವಿಗೆ ಎಷ್ಟು ದೊಡ್ಡ ಧೈರ್ಯ! ಮರುದಿನ ಸಂಜೆ ಅದೇ ಮಕ್ಕಳು ಬಾಗಿಲಲ್ಲಿ ನಿಂತು ಕೇಳುತ್ತಾರೆ: “ಅಕ್ಕೋರ, ಇವತ್ತೂ ಕಥಿ ಐತೇನ್ರಿ?”

ಈ ಪ್ರಶ್ನೆ ಯಾವ ಊರಿನ ಗ್ರಂಥಾಲಯದ ಬಾಗಿಲಲ್ಲಿ ದಿನಾ ಕೇಳಿಬರುತ್ತದೋ ಆ ಗ್ರಂಥಾಲಯ ಬದುಕಿದೆ ಎಂದು ತಿಳಿಯಬೇಕು.

ಕಾರ್ಯಕ್ರಮ ಮಾಡುವುದು ಗ್ರಂಥಾಲಯದ ಕೆಲಸವೇ, ಅಲ್ಲಿ ಮೌನ ಇರಬೇಡವೇ ಎಂದು ಕೇಳುವವರಿದ್ದಾರೆ. ಪರೀಕ್ಷೆಗೆ ಓದುವವರಿಗೆ ಮೌನ ಬೇಕು, ಅದಕ್ಕೆ ಒಂದು ಹೊತ್ತು ಮೀಸಲಿಡಬೇಕು, ನಿಜ. ಆದರೆ ನಮ್ಮ ಸೀಮೆಯಲ್ಲಿ ಪುಸ್ತಕ ಜನರ ಬಳಿ ಬಂದದ್ದು ಯಾವತ್ತೂ ಮೌನವಾಗಿ ಅಲ್ಲ. ಶ್ರಾವಣ ಬಂದರೆ ಮಠದಲ್ಲಿ, ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಒಬ್ಬರು ಅರ್ಥ ಬಿಡಿಸುತ್ತಾರೆ, ಊರು ಕೂತು ಕೇಳುತ್ತದೆ. ಅಕ್ಷರ ಅರಿಯದ ಅಜ್ಜಿಯರು ಹೀಗೆ ಕೇಳಿ ಕೇಳಿಯೇ ಶರಣರ ಬದುಕನ್ನು ಹೇಳುವಷ್ಟು ಬಲ್ಲವರಾದರು. ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ತಿಂಗಳುಗಟ್ಟಲೆ ಬೀಡುಬಿಡುತ್ತವೆ. ಹುನಗುಂದ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ಬರೆದ ನಾಟಕಗಳ ಮಾತು ಜನರ ಬಾಯಿಗೆ ಬಂದದ್ದು ಓದಿ ಅಲ್ಲ, ರಂಗದ ಮೇಲೆ ಕೇಳಿ. ಶ್ರೀಕೃಷ್ಣ ಪಾರಿಜಾತದ ಆಟ ರಾತ್ರಿಯಿಡೀ ನಡೆದರೆ ಕೊನೆಯ ಹಾಡಿನವರೆಗೆ ಕೂತವರು ಹೊಲದ ಕೆಲಸ ಮುಗಿಸಿ ಬಂದವರು.

ಇನ್ನೂ ಹಿಂದಕ್ಕೆ ಹೋದರೆ ಪಟ್ಟದಕಲ್ಲಿನ ಪಾಪನಾಥ ಗುಡಿ ಸಿಗುತ್ತದೆ. ಎಂಟನೆಯ ಶತಮಾನದ ಆ ಗುಡಿಯ ಹೊರಗೋಡೆಯ ಮೇಲೆ ರಾಮಾಯಣದ ಪ್ರಸಂಗಗಳನ್ನು ಸಾಲಾಗಿ ಕೆತ್ತಿದ್ದಾರೆ, ಪಾತ್ರಗಳ ಹೆಸರನ್ನೂ ಕಲ್ಲಿನಲ್ಲಿ ಬರೆದಿದ್ದಾರೆ. ಅಕ್ಷರ ಬಲ್ಲವನು ಹೆಸರು ಓದಿ ಹೇಳಿಯಾನು, ಬಾರದವನು ಚಿತ್ರ ನೋಡಿ ತಿಳಿದಾನು. ಇಬ್ಬರೂ ಒಂದೇ ಗೋಡೆಯ ಮುಂದೆ ನಿಲ್ಲಬೇಕು. ಓದಬಲ್ಲವರನ್ನೂ ಓದಲಾರದವರನ್ನೂ ಒಂದೆಡೆ ಕೂಡಿಸುವುದೇ ಗ್ರಂಥಾಲಯದ ಕಾರ್ಯಕ್ರಮ ಮಾಡಬೇಕಾದ ಕೆಲಸ.

ಪುಸ್ತಕವನ್ನು ಜನರಿಗೆ ಹಂಚುವ ಪುಣ್ಯದ ಕೆಲಸಕ್ಕೂ ಈ ನೆಲದಲ್ಲಿ ಹಳೆಯ ಬೇರಿದೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲ. ಒಂದೊಂದು ಓಲೆಗರಿಯನ್ನೂ ಕಂಟದಲ್ಲಿ ಕೊರೆದು ಬರೆಯಬೇಕಿದ್ದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಕೈಗಳ ದುಡಿಮೆ, ಎಷ್ಟು ಕಾಲದ ತಾಳ್ಮೆ! ಅವಳ ಆಶ್ರಯದಲ್ಲಿ ಅಜಿತಪುರಾಣ ಬರೆದ ರನ್ನ ನಮ್ಮ ಜಿಲ್ಲೆಯವನೇ, ಮುಧೋಳದವನು, ಬಳೆಗಾರರ ಮನೆಯ ಹುಡುಗ. ವಿದ್ಯೆ ಬೇಕೆಂದು ಅವನು ಊರು ಬಿಟ್ಟು ದೂರದ ಗಂಗರ ನಾಡಿಗೆ ಹೋಗಬೇಕಾಯಿತು. ಬಳೆ ಮಾರುವವರ ಮನೆಯಲ್ಲಿ ಇವತ್ತೂ ಅಂಥ ಹುಡುಗ ಹುಟ್ಟಿರಬಹುದು. ಅವನು ಊರು ಬಿಡುವ ಮುಂಚೆ ಊರಲ್ಲೇ ಅವನಿಗೊಂದು ಪುಸ್ತಕ, ಆ ಪುಸ್ತಕದ ಬಗ್ಗೆ ಮಾತಾಡಲು ನಾಲ್ಕು ಜನ ಸಿಗಬೇಕು.

ಇನ್ನು ಒಂದು ಶಾಸನದ ಮಾತು. ಈಗಿನ ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಚಾಲುಕ್ಯರ ಕಾಲದ ದೊಡ್ಡ ಘಟಿಕಾಸ್ಥಾನವಿತ್ತು. ಅಲ್ಲಿನ 1058ರ ಶಾಸನ ವಿದ್ಯಾರ್ಥಿಗಳ, ಗುರುಗಳ ಲೆಕ್ಕದ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರನ್ನು ಹೆಸರಿಸುತ್ತದೆ. ಸರಸ್ವತೀ ಭಂಡಾರವೆಂದರೆ ಪುಸ್ತಕಗಳ ಮನೆ, ಅದನ್ನು ನೋಡಿಕೊಳ್ಳುವವರು ಭಂಡಾರಿಗರು. ಒಂದು ವಿದ್ಯಾಕೇಂದ್ರಕ್ಕೆ ಆರು ಜನ! ಗುರುಗಳ ಸಾಲಿನಲ್ಲೇ ಅವರಿಗೂ ಜಾಗ. ಪುಸ್ತಕ ಮತ್ತು ಓದುಗನ ನಡುವೆ ನಿಲ್ಲುವ ಮನುಷ್ಯ ಎಷ್ಟು ಮುಖ್ಯ ಎಂಬುದು ಆ ಕಾಲಕ್ಕೇ ತಿಳಿದಿತ್ತು.

ಈಗ ನಮ್ಮ ಹಳ್ಳಿಗಳಲ್ಲಿ ಆ ಜಾಗದಲ್ಲಿ ಇರುವವರು ಗ್ರಂಥಾಲಯ ಮೇಲ್ವಿಚಾರಕರು. ಬಹಳ ಕಡೆ ಒಬ್ಬರೇ. ಬೀಗ ತೆಗೆಯುವವರು, ಕಸ ಗುಡಿಸುವವರು, ಪತ್ರಿಕೆ ಜೋಡಿಸುವವರು, ಮಕ್ಕಳ ಹೆಸರು ಬರೆದುಕೊಳ್ಳುವವರು, ಕಥೆ ಹೇಳುವವರು, ನಡೆದ ಕಾರ್ಯಕ್ರಮದ ಫೋಟೊ ತೆಗೆದು ಮೇಲಿನವರಿಗೆ ಕಳಿಸುವವರು ಎಲ್ಲ ಅವರೇ. ಅವರ ಪೈಕಿ ಎಷ್ಟೋ ಜನ ಅಲ್ಪ ಸಂಭಾವನೆಯಲ್ಲಿ ವರ್ಷಾನುಗಟ್ಟಲೆ ದುಡಿದವರು. ಅವರಿಗೆ ಸಂಬಳ ಹೊತ್ತಿಗೆ ಸರಿಯಾಗಿ ಬರಬೇಕು. ಅದು ಮೊದಲ ಮಾತು. ಎರಡನೆಯ ಮಾತು, ಕಾರ್ಯಕ್ರಮ ಎನ್ನುವುದು ಅವರೊಬ್ಬರ ತಲೆಹೊರೆ ಆಗಬಾರದು. ಮೇಲಿಂದ ಸುತ್ತೋಲೆ ಬಂತು, ಬ್ಯಾನರ್ ಕಟ್ಟಿದರು, ಫೋಟೊ ಹೊಡೆದರು, ಬ್ಯಾನರ್ ಮಡಿಚಿದರು ಎಂದಾದರೆ ಮಕ್ಕಳು ಎರಡನೆಯ ಸಲ ಬರುವುದಿಲ್ಲ. ಮಕ್ಕಳಿಗೆ ಇಂಥದ್ದು ಬಹಳ ಬೇಗ ತಿಳಿಯುತ್ತದೆ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ತಮ್ಮ ಐದು ಸೂತ್ರಗಳ ಪುಸ್ತಕವನ್ನು ಹೊರತಂದದ್ದು 1931ರಲ್ಲಿ. ಪುಸ್ತಕ ಇರುವುದು ಕಾಪಿಡುವುದಕ್ಕಲ್ಲ, ಬಳಕೆಯಾಗುವುದಕ್ಕೆ ಎಂಬುದು ಅವರ ವಿಚಾರದ ಬುನಾದಿ. ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿಯ ಸುತ್ತಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೊರಟವು. ಬದುಕಿನ ಕೊನೆಯ ವರ್ಷಗಳನ್ನು ರಂಗನಾಥನ್ ಬೆಂಗಳೂರಿನಲ್ಲೇ ಕಳೆದರು, 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. ಅವರ ಜನ್ಮದಿನ ಆಗಸ್ಟ್ 12 ಇವತ್ತು ದೇಶದಾದ್ಯಂತ ಗ್ರಂಥಪಾಲಕರ ದಿನ. ಅವರಿಗಿಂತ ಮುಂಚೆ ನಮ್ಮ ಕಡೆ ಗಳಗನಾಥರಿದ್ದರು. ತಾವು ಬರೆದ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ಅಲೆದು ಕನ್ನಡ ಓದುವವರನ್ನು ಹುಟ್ಟಿಸಿದ ಮನುಷ್ಯ. ಗಾಡಿಯ ಮೇಲಿರಲಿ, ಹೆಗಲ ಮೇಲಿರಲಿ, ಪುಸ್ತಕ ಜನರಿದ್ದಲ್ಲಿಗೆ ಹೋದಾಗಲೇ ಓದು ಹಬ್ಬಿದೆ.

ಜನರಿದ್ದಲ್ಲಿಗೆ ಎನ್ನುವಾಗ ಯಾರು ಇನ್ನೂ ಗ್ರಂಥಾಲಯದ ಹೊರಗಿದ್ದಾರೆ ಎಂದು ನೋಡಬೇಕು. 2011ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯ ಸಾಕ್ಷರತೆ ಶೇ 70ನ್ನು ಮುಟ್ಟಿರಲಿಲ್ಲ. ಹೆಣ್ಣುಮಕ್ಕಳ ಸಾಕ್ಷರತೆ ಶೇ 60ಕ್ಕೂ ಕೆಳಗಿತ್ತು. ಅಂದರೆ ಇವತ್ತು ನಡುವಯಸ್ಸು ದಾಟಿದ ಎಷ್ಟೋ ತಾಯಂದಿರಿಗೆ ಕಪಾಟು ತುಂಬ ಪುಸ್ತಕವಿದ್ದರೂ ಅದು ಮುಚ್ಚಿದ ಬಾಗಿಲೇ. ದುಡಿಯಲು ಗೋವಾ, ಮಂಗಳೂರು, ಬೆಂಗಳೂರು ಎಂದು ಗುಳೆ ಹೋದವರ ಮಕ್ಕಳು ಊರಲ್ಲಿ ಅಜ್ಜ ಅಜ್ಜಿಯರ ಬಳಿ ಇರುತ್ತಾರೆ. ಅವರಿಗೆ ಮನೆಯಲ್ಲಿ ಓದಿ ಹೇಳುವವರಿಲ್ಲ. ಸಾಲಿ ಬಿಟ್ಟ ಮೇಲೆ ದೀಪ ಹಚ್ಚುವವರೆಗಿನ ಹೊತ್ತು ಅವರದು ಬೀದಿಯಲ್ಲಿ ಕಳೆಯುತ್ತದೆ, ಇಲ್ಲವೇ ಮೊಬೈಲಿನಲ್ಲಿ. ಇವರಿಗೆಲ್ಲ ಗ್ರಂಥಾಲಯ ತೆರೆಯುವುದು ಕಾರ್ಯಕ್ರಮದ ಮೂಲಕವೇ. ಅಕ್ಷರ ಬಾರದ ತಾಯಿ ಪುಸ್ತಕಕ್ಕೆಂದು ಬರುವುದಿಲ್ಲ, ಮಗಳು ಓದುವುದನ್ನು ಕೇಳಲು ಬರುತ್ತಾಳೆ. ಆ ಹೊತ್ತಿಗೆ ಅವಳೂ ಗ್ರಂಥಾಲಯದ ಸದಸ್ಯಳೇ.

ಮಕ್ಕಳಿಗೆ ಓದಿ ಹೇಳಿದರೆ ಮಾತು ಬೆಳೆಯುತ್ತದೆ, ಮನಸ್ಸು ಅರಳುತ್ತದೆ ಎಂಬುದಕ್ಕೆ ವೈದ್ಯರ ಸಾಕ್ಷಿಯೂ ಇದೆ. ಹುಟ್ಟಿದಂದಿನಿಂದಲೇ ಕೂಸಿಗೆ ಗಟ್ಟಿಯಾಗಿ ಓದಿ ಹೇಳಿರಿ ಎಂದು ತಂದೆತಾಯಿಗೆ ತಿಳಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ತನ್ನ ವೈದ್ಯರಿಗೆ ಸಲಹೆ ಕೊಟ್ಟಿತು. ಓದಲು ಬಾರದ ಮನೆಯಲ್ಲಿ ಈ ಸಲಹೆಯನ್ನು ಪಾಲಿಸುವವರು ಯಾರು? ಊರೇ ಆ ಮಗುವಿಗೆ ಓದಿ ಹೇಳಬೇಕು. ಊರ ಪರವಾಗಿ ಗ್ರಂಥಾಲಯ ಓದಿ ಹೇಳಬೇಕು.

ದೊಡ್ಡವರಿಗೂ ಓದಿ ಹೇಳಬಹುದು. ಕ್ಯೂಬಾ ದೇಶದ ಹವಾನಾದಲ್ಲಿ ಚುಟ್ಟಾ ಕಟ್ಟುವ ಕಾರ್ಖಾನೆಗಳಲ್ಲಿ 1865ರಿಂದ ಒಂದು ಪದ್ಧತಿ ನಡೆದುಬಂದಿದೆ. ಕೆಲಸಗಾರರ ಕೈ ಎಲೆ ಸುತ್ತುತ್ತಿರುತ್ತದೆ, ಎತ್ತರದ ಪೀಠದ ಮೇಲೆ ಕೂತವನೊಬ್ಬ ಅವರಿಗೆ ಬೆಳಿಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ ಓದಿ ಹೇಳುತ್ತಾನೆ. ಆ ಓದುವವನಿಗೆ ಮೊದಮೊದಲು ಕೂಲಿ ಕೊಟ್ಟವರು ಮಾಲೀಕರಲ್ಲ, ಕೆಲಸಗಾರರೇ ತಮ್ಮ ದುಡಿಮೆಯಲ್ಲಿ ಪಾಲು ತೆಗೆದು ಕೊಟ್ಟರು. ಶಾಲೆ ಕಾಣದವರು ದೊಡ್ಡ ದೊಡ್ಡ ಕಾದಂಬರಿಗಳ ಬಗ್ಗೆ ವಾದ ಮಾಡುವಷ್ಟು ಬಲ್ಲವರಾದರು. ನಮ್ಮ ಸೀಮೆಯಲ್ಲೂ ಕೈಗೆ ಕೆಲಸವಿದ್ದು ಕಿವಿಗೆ ಬಿಡುವಿರುವ ದುಡಿಮೆ ಎಷ್ಟಿದೆ! ಇಳಕಲ್ಲ ಸೀರೆಗೆ ಮೈಯ ಹಾಸಿಗೂ ಸೆರಗಿನ ಹಾಸಿಗೂ ಒಂದೊಂದೇ ಎಳೆ ಜೋಡಿಸುವ ಹೆಣ್ಣುಮಕ್ಕಳು, ಕಸೂತಿ ಹಾಕುವವರು, ಕೂಡಿ ಕೂತು ರೊಟ್ಟಿ ಬಡಿಯುವ ಸ್ವಸಹಾಯ ಸಂಘದವರು, ಶೇಂಗಾ ಸುಲಿಯುವವರು. ವಾರಕ್ಕೆ ಒಂದು ಮಧ್ಯಾಹ್ನ ಗ್ರಂಥಾಲಯದಿಂದ ಒಂದು ಪುಸ್ತಕ ತೆಗೆದುಕೊಂಡು ಹೈಸ್ಕೂಲಿನ ಹುಡುಗಿಯೊಬ್ಬಳು ಅವರ ನಡುವೆ ಹೋಗಿ ಕೂತು ಓದಿದರೆ, ಅದಕ್ಕೆ ಬ್ಯಾನರೂ ಬೇಡ, ಮೈಕೂ ಬೇಡ.

ಕಾರ್ಯಕ್ರಮಗಳ ಪಟ್ಟಿಯನ್ನು ಬೆಂಗಳೂರಿನಿಂದ ತರಿಸಬೇಕಿಲ್ಲ. ನಮ್ಮ ಪಂಚಾಂಗದಲ್ಲೇ ಅದು ಇದೆ. ಸೋಮವಾರ ಬಸವಣ್ಣನ ದಿನವೆಂದು ಎತ್ತು ಹೂಡದ ರೈತರು ಬಹಳ. ಆ ಸಂಜೆ ಅವರಿಗಾಗಿ ಪತ್ರಿಕೆ ಓದು, ಬೆಳೆ ವಿಮೆಯ ಅರ್ಜಿ ತುಂಬುವ ಬಗೆ, ಮಣ್ಣು ಪರೀಕ್ಷೆಯ ಮಾತು ಇಟ್ಟುಕೊಳ್ಳಬಹುದು. ಮಣ್ಣೆತ್ತಿನ ಅಮವಾಸ್ಯೆಗೆ ಮಕ್ಕಳೆಲ್ಲ ಗ್ರಂಥಾಲಯದ ಅಂಗಳದಲ್ಲಿ ಕೂತು ಎತ್ತು ಮಾಡಲಿ, ಮಾಡುತ್ತ ಮಾಡುತ್ತ ಅಜ್ಜನ ಬಾಯಿಂದ ಎತ್ತಿನ ಕಥೆ ಕೇಳಲಿ. ಶ್ರಾವಣದಲ್ಲಿ ಒಂದು ತಿಂಗಳು ಒಂದೇ ಕಾದಂಬರಿಯನ್ನು ದಿನಕ್ಕೊಂದು ಅಧ್ಯಾಯದಂತೆ ಊರ ಮುಂದೆ ಓದಲಿ. ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹದಲ್ಲಿ ಮನೆಮನೆಯಿಂದ ಪುಸ್ತಕ ಕೂಡಿಸಲಿ. ಬನದ ಹುಣ್ಣಿಮೆಯ ಜಾತ್ರೆ ಹತ್ತಿರ ಬಂದಾಗ ಹಳೆಯ ನಾಟಕವೊಂದರ ಓದು ಇರಲಿ, ಒಂದು ಕಾಲಕ್ಕೆ ಬಣ್ಣ ಹಚ್ಚಿದವರು ಊರಲ್ಲಿ ಇದ್ದೇ ಇರುತ್ತಾರೆ, ಅವರು ಬಂದು ಮಾತು ಹೇಳಿಕೊಡಲಿ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಶಿರೂರಿನ ಸಿದ್ಧೇಶ್ವರ ಗುಡಿಗೂ ಐಹೊಳೆ ಪಟ್ಟದಕಲ್ಲಿಗೂ ಕರೆದೊಯ್ದು ಶಾಸನವೆಂದರೇನು ಎಂದು ತೋರಿಸಿ, ಹಿಂದಿರುಗಿ ಬಂದ ಮೇಲೆ ತಾವು ಕಂಡದ್ದನ್ನು ಅವರೇ ಬರೆಯುವಂತೆ ಮಾಡಲಿ. ಆ ಬರಹಗಳನ್ನು ದಾರ ಹಾಕಿ ಹೊಲಿದರೆ ಊರ ಗ್ರಂಥಾಲಯಕ್ಕೆ ಊರಿನವರೇ ಬರೆದ ಮೊದಲ ಪುಸ್ತಕ ಸೇರುತ್ತದೆ.

ಇದಕ್ಕೆ ಬೇಕಾದ ಜನ ಎಲ್ಲಿಂದ ಬರಬೇಕು? ನೆರೆಯ ಕೇರಳವನ್ನು ನೋಡಬಹುದು. 1945ರಲ್ಲಿ ಪಿ.ಎನ್. ಪಣಿಕ್ಕರ್ ಅಂಬಲಪುಳದಲ್ಲಿ 47 ಗ್ರಂಥಾಲಯಗಳನ್ನು ಒಂದುಗೂಡಿಸಿ ಗ್ರಂಥಾಲಯ ಸಂಘ ಕಟ್ಟಿದರು. ಅವರು ತೀರಿಕೊಂಡ ಜೂನ್ 19ನ್ನು ಅಲ್ಲಿ ಓದಿನ ದಿನವಾಗಿ ಆಚರಿಸುತ್ತಾರೆ. ಅಲ್ಲಿನ ಹಳ್ಳಿಯ ವಾಚನಾಲಯಗಳ ಬಲ ಇರುವುದು ಸರ್ಕಾರದ ಆದೇಶಕ್ಕಿಂತ ಊರಿನವರೇ ಕೂಡಿ ನಡೆಸುವ ಸಮಿತಿಗಳಲ್ಲಿ. ಅಲ್ಲಿ ಮಕ್ಕಳ ಗುಂಪೇ ಬೇರೆ, ಹೆಣ್ಣುಮಕ್ಕಳ ಗುಂಪೇ ಬೇರೆ. ಮನೆಗೆ ಪುಸ್ತಕ ತಲುಪಿಸುವ ಮಹಿಳೆಯರಿದ್ದಾರೆ. ನಮ್ಮಲ್ಲಿ ಜಾತ್ರಾ ಸಮಿತಿ ಕಟ್ಟಲು ಯಾರೂ ಹೇಳಿಕೊಡಬೇಕಿಲ್ಲ. ತೇರಿಗೆ ಹಗ್ಗ ಯಾರ ಓಣಿಯದು, ದಾಸೋಹಕ್ಕೆ ಜೋಳ ಯಾರ ಮನೆಯದು ಎಂಬುದು ಬರೆದಿಡದೆಯೇ ಎಲ್ಲರಿಗೂ ಗೊತ್ತು. ಗ್ರಂಥಾಲಯವೂ ಊರಿನ ಇಂಥದೇ ತೇರು. ಎಳೆಯುವ ಕೈ ಹೆಚ್ಚಿದಷ್ಟೂ ಅದು ಮುಂದೆ ಹೋಗುತ್ತದೆ. ನಿವೃತ್ತ ಮಾಸ್ತರರು ವಾರಕ್ಕೆ ಒಂದು ಗಂಟೆ ಕೊಡಲಿ. ಆರೋಗ್ಯ ಕೇಂದ್ರದ ನರ್ಸ್ ತಿಂಗಳಿಗೊಮ್ಮೆ ಬಂದು ಹದಿಹರೆಯದ ಹುಡುಗಿಯರ ಜೊತೆ ಮಾತಾಡಲಿ. ಬ್ಯಾಂಕಿನವರು ಬಂದು, ಫೋನಿನಲ್ಲಿ ಒಟಿಪಿ ಕೇಳಿದರೆ ಯಾಕೆ ಹೇಳಬಾರದು ಎಂದು ವಯಸ್ಸಾದವರಿಗೆ ತಿಳಿಸಲಿ. ಪೊಲೀಸ್, ಪಿಡಿಒ ಪರೀಕ್ಷೆಗೆ ಓದುತ್ತಿರುವ ಹುಡುಗರು ತಮಗಿಂತ ಸಣ್ಣವರಿಗೆ ರಸಪ್ರಶ್ನೆ ನಡೆಸಲಿ. ಕಲಿಸುವಾಗಲೇ ತಾವು ಕಲಿತದ್ದು ಗಟ್ಟಿಯಾಗುತ್ತದೆ.

ಹೊತ್ತಿನ ಮಾತನ್ನೂ ಹೇಳಲೇಬೇಕು. ಶಾಲೆ ನಡೆಯುವ ಹೊತ್ತಿನಲ್ಲಿ ತೆರೆದು, ಶಾಲೆ ಬಿಡುವ ಹೊತ್ತಿಗೆ ಮುಚ್ಚುವ ಗ್ರಂಥಾಲಯ ಮಕ್ಕಳಿಗೆ ಇದ್ದೂ ಇಲ್ಲದಂತೆ. ಹೊಲದಿಂದ ಬಂದು ಕೈಕಾಲು ತೊಳೆದುಕೊಂಡವರಿಗೂ ಬಾಗಿಲು ತೆರೆದೇ ಇರಬೇಕು. ಸಂಜೆ ಕತ್ತಲಾದ ಮೇಲೆ ಹೆಣ್ಣುಮಕ್ಕಳು ಬರಬೇಕಾದರೆ ಬೀದಿ ದೀಪ ಉರಿಯಬೇಕು, ಶೌಚಾಲಯ ಇರಬೇಕು. ನಡೆಯಲಾಗದವರ ಗಾಲಿ ಕುರ್ಚಿ ಏರಲು ಮೆಟ್ಟಿಲ ಪಕ್ಕ ಇಳಿಜಾರು ಬೇಕು. ಇವು ಸಣ್ಣ ಮಾತುಗಳಲ್ಲ. ಎಲ್ಲರಿಗೂ ಉಚಿತ ಎಂದು ಬಾಗಿಲ ಮೇಲೆ ಬರೆದ ಮಾತು ನಿಜವಾಗುವುದು ಇವುಗಳಿಂದ.

ಇನ್ನು ಎಲ್ಲರೂ ಎನ್ನುವುದರ ಬಗ್ಗೆ. ನಮ್ಮ ಹಳ್ಳಿಗಳಲ್ಲಿ ಎಲ್ಲ ಓಣಿಯವರೂ ಸರಿಸಮ ಕೂರುವ ಜಾಗಗಳು ಇವತ್ತಿಗೂ ಹೆಚ್ಚಿಲ್ಲ. ಕೂಡುವ ಕಟ್ಟೆಗೂ ಜಾತಿಯ ಗೆರೆ ಇದೆ, ಗುಡಿಯ ಪಡಸಾಲೆಗೂ ಇದೆ. ಬಸವಣ್ಣನವರು ಐಕ್ಯರಾದ ಕೂಡಲಸಂಗಮ ನಮ್ಮ ಜಿಲ್ಲೆಯಲ್ಲೇ ಇದೆ. ಅವರ ಅನುಭವ ಮಂಟಪದಲ್ಲಿ ಚಮ್ಮಾರನೂ ಮಡಿವಾಳನೂ ಅಂಬಿಗನೂ ಕೂಡಿ ಕೂತು ಮಾತಾಡಿದರು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಒಂದೇ ಜಮಖಾನೆಯ ಮೇಲೆ ಮೇಲಿನ ಓಣಿಯ ಮಗುವೂ ಕೆಳಗಿನ ಓಣಿಯ ಮಗುವೂ ಮಗ್ಗುಲು ಮಗ್ಗುಲಿಗೆ ಕೂತು ಒಂದೇ ಪುಸ್ತಕದ ಚಿತ್ರ ನೋಡಲು ಬಗ್ಗಿದಾಗ ಆ ಹೆಮ್ಮೆಗೆ ಇವತ್ತಿನ ಅರ್ಥ ಬರುತ್ತದೆ. ಮುಂದೆ ಆ ಇಬ್ಬರೂ ದೊಡ್ಡವರಾಗಿ ಗ್ರಾಮಸಭೆಯಲ್ಲಿ ಎದುರುಬದುರು ಕೂತಾಗ, ಚಿಕ್ಕಂದಿನಲ್ಲಿ ಕೂಡಿ ಕೇಳಿದ ಕಥೆಯ ನೆನಪು ಅವರ ಮಾತನ್ನು ಮೆದುಗೊಳಿಸುತ್ತದೆ ಎಂದು ನಾನು ನಂಬುತ್ತೇನೆ.

ಹಾಗಾದರೆ ನಾವು ನೀವು ಮಾಡಬೇಕಾದದ್ದೇನು? ಬಹಳ ಇಲ್ಲ. ಇವತ್ತು ಸಂಜೆ ನಿಮ್ಮೂರ ಗ್ರಂಥಾಲಯಕ್ಕೆ ಒಮ್ಮೆ ಹೋಗಿರಿ. ಮನೆಯ ಮಗುವನ್ನು ಕರೆದುಕೊಂಡು ಹೋಗಿರಿ, ಪಕ್ಕದ ಮನೆಯ ಮಗುವನ್ನೂ ಕರೆಯಿರಿ. ಮೇಲ್ವಿಚಾರಕರಿಗೆ ನಮಸ್ಕಾರ ಹೇಳಿ, ಈ ತಿಂಗಳು ಏನು ಕಾರ್ಯಕ್ರಮ ಇದೆ ಎಂದು ಕೇಳಿರಿ. ಇದೆ ಎಂದರೆ ಬಂದು ಕೂತು ಕೇಳಿರಿ. ಇಲ್ಲ ಎಂದರೆ, ಬರುವ ಭಾನುವಾರ ನಾನು ಬಂದು ಒಂದು ಕಥೆ ಓದುತ್ತೇನೆ ಎಂದು ಹೇಳಿ ಬನ್ನಿರಿ. ಹೇಳಿದ ಹಾಗೆ ಭಾನುವಾರ ಹೋಗಿರಿ. ಕೇಳಲು ಮೂರೇ ಮಕ್ಕಳು ಬಂದರೂ ಪೂರ್ತಿ ಓದಿರಿ, ಮುಂದಿನ ವಾರವೂ ಬರುತ್ತೇನೆಂದು ಆ ಮೂವರಿಗೆ ಹೇಳಿ ಬನ್ನಿರಿ.